ಮಾಲೀಕರಿಗೆ ದಂಡ ಬಿತ್ತು, ನಿಮ್ಮ ಸಂಬಳ ಬರಲಿಲ್ಲವೇ? ಬಾಕಿ ವಸೂಲಿಗೆ ಹಂತ ಹಂತದ ಮಾರ್ಗದರ್ಶಿ

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಎಲ್ಲಿಂದ ಬಂದರೂ ಪ್ರಶ್ನೆ ಒಂದೇ. "ಲೇಬರ್ ಆಫೀಸಿಗೆ ದೂರು ಕೊಟ್ಟೆ. ಇನ್‌ಸ್ಪೆಕ್ಟರ್ ಬಂದು ನೋಡಿದರು. ಮಾಲೀಕರಿಗೆ ದಂಡವೂ ಬಿತ್ತು. ನನ್ನ ದುಡ್ಡು ಎಲ್ಲಿ?"

ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ. ಅದರಲ್ಲಿ ಒಂದು ರೂಪಾಯಿಯೂ ನಿಮಗಲ್ಲ. ನಿಮ್ಮ ಬಾಕಿಗೆ ಬೇರೆ ಅರ್ಜಿ ಹಾಕಬೇಕು, ಅದಕ್ಕೆ ಕ್ಲೇಮು ಅನ್ನುತ್ತಾರೆ. ಹೆಚ್ಚಿನವರು ದೂರು ಕೊಟ್ಟು ಕಾಯುತ್ತಾ ಕೂರುತ್ತಾರೆ. ಕ್ಲೇಮು ಹಾಕುವುದೇ ಇಲ್ಲ.

ಕಾನೂನಿನ ಬಗ್ಗೆ ಎರಡೇ ಮಾತು. 2025ರ ನವೆಂಬರ್ 21ರಿಂದ ವೇತನ ಸಂಹಿತೆ 2019 ಜಾರಿಯಲ್ಲಿದೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ, ಈ ನಾಲ್ಕರ ಜಾಗಕ್ಕೆ ಅದು ಬಂದಿದೆ. ಕೆಳಗೆ ಬರುವ ಕಲಮುಗಳೆಲ್ಲ ಆ ಸಂಹಿತೆಯವು.

## ಹಂತ 1: ಕೆಲಸದಲ್ಲಿರುವಾಗಲೇ ದಾಖಲೆ ಕೂಡಿಸಿ

ಜಗಳ ಆದ ಮೇಲೆ ದಾಖಲೆ ಹುಡುಕಲು ಹೊರಟರೆ ಏನೂ ಸಿಗುವುದಿಲ್ಲ. ಹಾಜರಿ ಪುಸ್ತಕ ಮಾಲೀಕರ ಹತ್ತಿರ, ವಾಟ್ಸಾಪ್ ಗ್ರೂಪಿನಿಂದ ನಿಮ್ಮನ್ನು ತೆಗೆದಿರುತ್ತಾರೆ, ಜೊತೆಗೆ ಕೆಲಸ ಮಾಡಿದವರು ಫೋನ್ ಎತ್ತುವುದಿಲ್ಲ.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಸಂಬಳ ಕೊಟ್ಟಿದ್ದೇನೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು. 59ನೇ ಕಲಮು ಆ ಹೊರೆಯನ್ನು ಅವರ ಮೇಲೆ ಹಾಕಿದೆ. ಆದರೆ "ಇವನು ಯಾರೋ ನನಗೆ ಗೊತ್ತೇ ಇಲ್ಲ" ಅಂದುಬಿಟ್ಟರೆ, ನೀವು ಅಲ್ಲಿ ಕೆಲಸ ಮಾಡಿದ್ದನ್ನು ನೀವೇ ತೋರಿಸಬೇಕಾಗುತ್ತದೆ. ಕೇಸು ಸೋಲುವುದು ಜಾಸ್ತಿ ಇಲ್ಲೇ.

ಬೇಕಾದ ಸಾಮಾನು ದೊಡ್ಡದೇನಲ್ಲ: ಒಂದು ಜೇಬು ಡೈರಿ, ಎಂಟ್ರಿ ಮಾಡಿಸಿದ ಪಾಸ್‌ಬುಕ್, ಫೋನು, ದಪ್ಪ ಪ್ಲಾಸ್ಟಿಕ್ ಕವರ್. ಕವರ್ ಮರೆಯಬೇಡಿ. ಆಗುಂಬೆ, ಹೊಸನಗರ ಕಡೆ ಮಳೆಗಾಲದಲ್ಲಿ ಗೋಡೆ ಮೊಳೆಗೆ ಸಿಗಿಸಿದ ಚೀಟಿ ಆಗಸ್ಟ್ ಹೊತ್ತಿಗೆ ಬೂಸ್ಟು ಹಿಡಿದು ಅಕ್ಷರವೇ ಕಾಣುವುದಿಲ್ಲ. ಸಿಕ್ಕ ದಿನವೇ ಪ್ರತಿ ಕಾಗದದ ಫೋಟೋ ತೆಗೆದಿಡಿ.

ಡೈರಿ ಅವತ್ತಿನದನ್ನು ಅವತ್ತೇ ಬರೆಯಬೇಕು. ಹೀಗೆ ಸಾಕು: "ಜುಲೈ 12, ಶನಿವಾರ. ಬೆಳಿಗ್ಗೆ 9:20ರಿಂದ ರಾತ್ರಿ 9:45. ಊಟಕ್ಕೆ 30 ನಿಮಿಷ. ಬಸ್ ತಡ ಆಯ್ತು, 100 ರೂ. ದಂಡ ಅಂದರು. ಕೌಂಟರ್ ಅಕ್ಕ ಇದ್ದರು." ಒಂದೇ ದಿನ ಕೂತು, ಒಂದೇ ಪೆನ್ನಿನಲ್ಲಿ ಆರು ತಿಂಗಳದ್ದು ಬರೆದರೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಕೆಲಸದ ಜಾಗದ ಫೋಟೋ, ಯೂನಿಫಾರ್ಮ್, ಗೇಟ್ ಪಾಸ್, ಇಎಸ್ಐ ಕಾರ್ಡ್, ಫೋನ್ ಪೇಯಲ್ಲಿ ಬಂದ ಸಂಬಳ, "ನಾಳೆ ಬೇಗ ಬಾ" ಅಂತ ಮಾಲೀಕರು ಕಳಿಸಿದ ವಾಯ್ಸ್ ಮೆಸೇಜ್, ಎಲ್ಲವೂ ಕೆಲಸಕ್ಕೆ ಬರುತ್ತವೆ. ಮೆಸೇಜ್ ಇರುವ ಫೋನನ್ನು ಮಾತ್ರ ಕೇಸು ಮುಗಿಯುವವರೆಗೆ ಮಾರಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ.

ಎಚ್ಚರಿಕೆಯ ಗುರುತು: ಇದ್ದಕ್ಕಿದ್ದಂತೆ ಖಾಲಿ ಹಾಳೆಗೋ, ಹಳೇ ತಾರೀಖಿನ ವೋಚರಿಗೋ ಸಹಿ ಕೇಳಿದರೆ ಒಳಗೆ ಏನೋ ತಯಾರಿ ನಡೆದಿದೆ ಅಂತ ಅರ್ಥ. ಸಹಿ ಹಾಕಲೇಬೇಕಾದ ಸಂದರ್ಭ ಬಂದರೆ ಪಕ್ಕದಲ್ಲೇ ಅವತ್ತಿನ ತಾರೀಖು, ಕೈಗೆ ಬಂದ ಮೊತ್ತ ಬರೆದೇ ಸಹಿ ಮಾಡಿ.

## ಹಂತ 2: ನಿಮ್ಮಿಂದ ಹಿಡಿದ ದಂಡ ಸರಿಯೇ, ನೋಡಿ

ಅಂಗಡಿ ಮಾಲೀಕರೂ ಈ ಭಾಗ ಓದುವುದು ಒಳ್ಳೆಯದು. ಗಾಂಧಿ ಬಜಾರಿನ ಅಂಗಡಿಯಿಂದ ಹಿಡಿದು ಹೆದ್ದಾರಿ ಹೋಟೆಲಿನವರೆಗೆ ಲೇಟಿಗೆ ದಂಡ, ಲೋಟ ಒಡೆದರೆ ದಂಡ, ಫೋನ್ ಹಿಡಿದರೆ ದಂಡ. ಕಾನೂನು ದಂಡ ಹಾಕಲೇಬಾರದು ಅನ್ನುವುದಿಲ್ಲ. ಆದರೆ 19ನೇ ಕಲಮಿನ ಷರತ್ತುಗಳನ್ನು ಪಾಲಿಸಿದವರು ಕಾಣಸಿಗುವುದು ಅಪರೂಪ.

ದಂಡ ಹಾಕುವ ತಪ್ಪುಗಳ ಪಟ್ಟಿಗೆ ಸರ್ಕಾರದ ಮುಂಚಿತ ಒಪ್ಪಿಗೆ ಬೇಕು. ಆ ಪಟ್ಟಿಯನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ದಂಡ ಹಾಕುವ ಮೊದಲು ಕೆಲಸಗಾರರ ಮಾತು ಕೇಳಬೇಕು. ಒಂದು ಸಂಬಳದ ಅವಧಿಯಲ್ಲಿ ಒಟ್ಟು ದಂಡ ಆ ಸಂಬಳದ ಶೇ. 3 ದಾಟುವಂತಿಲ್ಲ. ಕಂತಿನಲ್ಲಿ ಹಿಡಿಯುವಂತಿಲ್ಲ. ತಪ್ಪು ನಡೆದು 90 ದಿನ ಆದ ಮೇಲೂ ಹಿಡಿಯುವಂತಿಲ್ಲ. 15 ವರ್ಷದೊಳಗಿನವರಿಗೆ ದಂಡ ಹಾಕುವ ಮಾತೇ ಇಲ್ಲ. ಹಿಡಿದ ಪ್ರತಿ ದಂಡವೂ ರಿಜಿಸ್ಟರಿನಲ್ಲಿರಬೇಕು. ಇನ್ನೊಂದು ಷರತ್ತು ಕೇಳಿ ಮಾಲೀಕರೇ ಬೆಚ್ಚಿಬೀಳುತ್ತಾರೆ: ಆ ದುಡ್ಡು ಅವರ ಗಲ್ಲಾಪೆಟ್ಟಿಗೆಗೆ ಹೋಗುವಂತಿಲ್ಲ. ಕೆಲಸಗಾರರ ಒಳಿತಿಗೆ, ಅದೂ ಅಧಿಕಾರಿ ಒಪ್ಪಿದ ಕೆಲಸಕ್ಕೇ ಖರ್ಚಾಗಬೇಕು.

ಸಂಬಳ 12,000 ಅಂದುಕೊಳ್ಳಿ. ತಿಂಗಳಿಗೆ ದಂಡದ ಮಿತಿ 360 ರೂಪಾಯಿ. ಒಂಬತ್ತು ದಿನ ಲೇಟಿಗೆ ನೂರರಂತೆ 900 ಹಿಡಿದಿದ್ದರೆ ಮಿತಿ ಮೀರಿತು. ಒಪ್ಪಿಗೆ ಪಡೆದ ಪಟ್ಟಿ ಗೋಡೆಯ ಮೇಲೆ ಇಲ್ಲದಿದ್ದರೆ ಪೂರ್ತಿ 900 ಅಕ್ರಮವೇ.

ದಂಡದ ಜೊತೆ ಬೆರೆಸಬಾರದ ಮೂರು ಬಾಬತ್ತುಗಳಿವೆ. ಗೈರುಹಾಜರಿಗೆ ಕತ್ತರಿಸುವುದಾದರೆ ಬಾರದ ಹೊತ್ತಿಗೆ ತಕ್ಕಷ್ಟು ಮಾತ್ರ. ಹತ್ತು ನಿಮಿಷ ತಡಕ್ಕೆ ಅರ್ಧ ದಿನ ಕತ್ತರಿಸುವಂತಿಲ್ಲ. ನಷ್ಟಕ್ಕೆ ಕತ್ತರಿಸುವುದಾದರೆ ಆ ಸಾಮಾನು ನಿಮ್ಮ ಸುಪರ್ದಿಗೆ ಕೊಟ್ಟಿದ್ದಾಗಿರಬೇಕು, ನಿಮ್ಮ ನಿರ್ಲಕ್ಷ್ಯದಿಂದಲೇ ಹಾಳಾಗಿರಬೇಕು, ನಿಮ್ಮ ಮಾತು ಕೇಳಿರಬೇಕು, ನಷ್ಟಕ್ಕಿಂತ ಜಾಸ್ತಿ ಹಿಡಿಯಬಾರದು. ಇಲಿ ಕಡಿದ ಅಕ್ಕಿ ಮೂಟೆಗೆ ಹಮಾಲರ ಕೂಲಿ ಹಿಡಿಯುವುದು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಮೂರನೆಯದು ಮುಂಗಡ. ಮಲೆನಾಡಿನ ದೊಡ್ಡ ತಲೆನೋವು ಇದೇ. ಕೆಲಸ ಶುರುವಾಗುವ ಮೊದಲು ಕೊಟ್ಟ ಮುಂಗಡವನ್ನು ಮೊದಲ ಪೂರ್ತಿ ಅವಧಿಯ ಸಂಬಳದಿಂದ ಹಿಡಿಯಬಹುದು. ಆದರೆ ಪ್ರಯಾಣದ ಖರ್ಚಿಗೆ ಕೊಟ್ಟ ಮುಂಗಡ ವಾಪಸ್ ಹಿಡಿಯುವಂತೆಯೇ ಇಲ್ಲ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ತೋಟದ ಕೆಲಸಕ್ಕೆ ಜನ ಕರೆಸಿದ ಮೇಸ್ತ್ರಿ "ರೈಲು ಚಾರ್ಜು ಕಳೆದು ಉಳಿದದ್ದು" ಅಂದರೆ ಆ ಕಡಿತವನ್ನೂ ಕ್ಲೇಮಿಗೆ ಸೇರಿಸಿ. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು.

ಎಚ್ಚರಿಕೆಯ ಗುರುತು: "ಸಾಲ ತೀರೋವರೆಗೆ ತೋಟ ಬಿಟ್ಟು ಹೋಗಂಗಿಲ್ಲ" ಅನ್ನುವ ಮಾತು ಬಂದರೆ ಅದು ಸಂಬಳದ ತಕರಾರು ಅಲ್ಲ, ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇರುವುದು ಇದಕ್ಕೇ. ಕ್ಲೇಮು ಆಮೇಲೆ. ಮೊದಲು ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ಲಿಖಿತ ದೂರು. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗ ಉಪವಿಭಾಗ. ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರಿಗೆ ಸಾಗರ ಉಪವಿಭಾಗ.

## ಹಂತ 3: ಲೆಕ್ಕ ಹಾಕಿ

"ಸಂಬಳ ಸರಿಯಾಗಿ ಕೊಟ್ಟಿಲ್ಲ" ಅಂತ ಬರೆದರೆ ಅದು ಗೋಳು, ಕ್ಲೇಮು ಅಲ್ಲ. ಅಧಿಕಾರಿಗೆ ಬೇಕಾದದ್ದು ತಿಂಗಳುವಾರು ಲೆಕ್ಕ.

ಮೊದಲು ನಿಮ್ಮ ಕೆಲಸಕ್ಕೆ ಅನ್ವಯಿಸುವ ಕನಿಷ್ಠ ವೇತನದ ಅಧಿಸೂಚನೆ ಹುಡುಕಿ. ರಾಜ್ಯ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ಇರುತ್ತದೆ. ಕೆಲಸದ ಬಗೆ, ಊರಿನ ವಲಯ, ಕೌಶಲ್ಯದ ಮಟ್ಟ ಮೂರೂ ಹೊಂದಬೇಕು. ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹಾಗಾಗಿ ಎರಡು ವರ್ಷದ ಬಾಕಿಗೆ ಒಂದೇ ದರ ಹಾಕಬೇಡಿ. ಬೆಂಗಳೂರಿನ ದರ ಹಾಕಿ ಶಿವಮೊಗ್ಗದಲ್ಲಿ ಕ್ಲೇಮು ಕೊಡುವವರೂ ಇದ್ದಾರೆ. ಎದುರಿನ ವಕೀಲರಿಗೆ ಅಷ್ಟೇ ಸಾಕು, ಇಡೀ ಲೆಕ್ಕವೇ ಸುಳ್ಳು ಅಂತ ವಾದ ಶುರು.

ಕೆಳಗಿನ ದರ ಲೆಕ್ಕ ತೋರಿಸಲು ಮಾತ್ರ. ಸಿಗಬೇಕಾದ್ದು 15,600, ಸಿಕ್ಕಿದ್ದು 12,000 ಅಂದುಕೊಳ್ಳಿ. ವ್ಯತ್ಯಾಸ 3,600. ಹದಿನೆಂಟು ತಿಂಗಳಿಗೆ 64,800. ಓವರ್‌ಟೈಮಿಗೆ ದುಪ್ಪಟ್ಟು ದರ. 15,600ನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 600, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75, ಓವರ್‌ಟೈಮಿಗೆ 150. ತಿಂಗಳಿಗೆ 20 ಗಂಟೆಯಂತೆ 18 ತಿಂಗಳಿಗೆ 54,000. ನಾಲ್ಕು ತಿಂಗಳು ಹಿಡಿದ ಅಕ್ರಮ ದಂಡ 3,600. ಕೆಲಸ ಬಿಟ್ಟ ತಿಂಗಳ 20 ದಿನದ ಸಂಬಳ 12,000. ಒಟ್ಟು 1,34,400.

ಕೊನೆಯ ತಿಂಗಳ ಸಂಬಳಕ್ಕೆ "ಮುಂದಿನ ತಿಂಗಳು ಬಾ" ಅನ್ನುವ ಪದ್ಧತಿ ಇದೆಯಲ್ಲ, ಅದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಕೆಲಸದಿಂದ ತೆಗೆದರೂ, ನೀವೇ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಕೊಡಬೇಕು. ಮಾಮೂಲಿ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ.

ಅಡಿಕೆ ಸುಲಿತದಂಥ ತೂಕದ ಲೆಕ್ಕದ ಕೆಲಸಕ್ಕೂ ಕನಿಷ್ಠ ವೇತನ ಇದೆ. ಎಷ್ಟು ಕೆ.ಜಿ., ಎಷ್ಟು ಹೊತ್ತು, ಎರಡನ್ನೂ ಬರೆದಿಡಿ. ಆದರೆ ನೀವೇ ಚೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿದವರಾಗಿದ್ದರೆ ಅದು ವ್ಯಾಪಾರದ ಕರಾರು, ಈ ದಾರಿ ನಿಮಗಲ್ಲ. ನಿಮ್ಮ ಕೈಕೆಳಗೆ ದುಡಿದ ಕೊನೆಗಾರರಿಗೆ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರಿಗೆ), ಸುಲಿಯುವವರಿಗೆ ಸಂಬಳ ಕೊಡಬೇಕಾದವರು ನೀವೇ ಆಗುತ್ತೀರಿ.

"ತೋಟದ ಕೆಲಸಕ್ಕೆ ಎಂಥಾ ರಿಜಿಸ್ಟರು ಮಾರಾಯ" ಅನ್ನುವ ಗೌಡ್ರು, ಹೆಗ್ಡೇರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಕೃಷಿಗೆ ಐದು ಜನರವರೆಗೆ ಇಟ್ಟುಕೊಂಡವರಿಗೆ ರಿಜಿಸ್ಟರಿನಿಂದ ವಿನಾಯಿತಿ ಉಂಟು. ಆದರೆ ಇನ್‌ಸ್ಪೆಕ್ಟರ್ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ಪುರಾವೆ ತೋರಿಸಲೇಬೇಕು. ಕೂಲಿ ಕೊಡುವುದರಿಂದ ವಿನಾಯಿತಿ ಯಾರಿಗೂ ಇಲ್ಲ.

## ಹಂತ 4: ಸರಿಯಾದ ಬಾಗಿಲು ತಟ್ಟಿ

ಅಂಗಡಿ, ಹೋಟೆಲ್, ಅಕ್ಕಿ ಗಿರಣಿ, ಗ್ಯಾರೇಜ್, ತೋಟ, ಖಾಸಗಿ ಕಾರ್ಖಾನೆ ಇವಕ್ಕೆಲ್ಲ ರಾಜ್ಯದ ಕಾರ್ಮಿಕ ಇಲಾಖೆ. ಜಿಲ್ಲಾ ಮಟ್ಟದಲ್ಲಿ ಕಾರ್ಮಿಕ ಅಧಿಕಾರಿ, ತಾಲೂಕಿನಲ್ಲಿ ಕಾರ್ಮಿಕ ನಿರೀಕ್ಷಕರು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಯಂತ್ರದ ಸುರಕ್ಷತೆಯ ತಕರಾರು ಇದ್ದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ.

ರೈಲ್ವೆ, ಬ್ಯಾಂಕು, ವಿಮೆ, ಭದ್ರಾವತಿಯ ವಿಐಎಸ್ಎಲ್ (ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ) ತರದ ಕೇಂದ್ರ ಸರ್ಕಾರಿ ಉದ್ದಿಮೆಯಾದರೆ ಕೇಂದ್ರದ ಕಾರ್ಮಿಕ ಅಧಿಕಾರಿಗಳು. ಅಲ್ಲಿ ಗುತ್ತಿಗೆಯಲ್ಲಿ ಕಸ ಗುಡಿಸುವವರಿಗೂ ಅದೇ ದಾರಿ. ತಪ್ಪು ಕಚೇರಿಗೆ ಹಾಕಿದರೆ ತಿಂಗಳುಗಟ್ಟಲೆ ಕಾದ ಮೇಲೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅನ್ನುವ ಒಂದು ಸಾಲಿನ ಉತ್ತರ ಬರುತ್ತದೆ.

ಪಿಎಫ್ ಕಟ್ಟದ್ದಕ್ಕೆ ಪಿಎಫ್ ಕಚೇರಿ. ಗ್ರಾಚ್ಯುಟಿಗೂ, ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸುವುದಕ್ಕೂ ಬೇರೆ ಬೇರೆ ಅರ್ಜಿ. ಎಲ್ಲವನ್ನೂ ಒಂದೇ ಅರ್ಜಿಗೆ ತುರುಕಬೇಡಿ.

## ಹಂತ 5: ಮೊದಲು ನೋಟಿಸ್, ಆಮೇಲೆ ದೂರು

ಮಾಲೀಕರಿಗೆ ಒಂದು ಪುಟದ ಪತ್ರ ಬರೆಯಿರಿ. ಎಲ್ಲಿಂದ ಎಲ್ಲಿಯವರೆಗೆ ಕೆಲಸ, ಎಷ್ಟು ಬಾಕಿ, ಹದಿನೈದು ದಿನದೊಳಗೆ ಬ್ಯಾಂಕ್ ಖಾತೆಗೆ ಹಾಕಿ, ಇಷ್ಟೇ ಸಾಕು. ಬೈಗುಳ, ಬೆದರಿಕೆ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಮತ್ತು ತಲುಪಿದ ಟ್ರ್ಯಾಕಿಂಗ್ ಪ್ರಿಂಟ್ ಇಟ್ಟುಕೊಳ್ಳಿ. ಕಾನೂನಿನಲ್ಲಿ ಇದು ಕಡ್ಡಾಯ ಅಲ್ಲ. ಆದರೆ ಉತ್ತರದಲ್ಲಿ "ಅವನು ಹೇಳದೆ ಕೆಲಸ ಬಿಟ್ಟು ಹೋದ" ಅಂತ ಬಂದರೂ ನಿಮಗೇ ಲಾಭ. ಅಲ್ಲಿ ಕೆಲಸ ಮಾಡಿದ್ದನ್ನು ಅವರೇ ಒಪ್ಪಿಕೊಂಡ ಹಾಗಾಯಿತು.

ಅವಧಿ ಮುಗಿದ ಮೇಲೆ ನಿರೀಕ್ಷಕರಿಗೆ ದೂರು ಕೊಡಿ. ಹೊಸ ಕಾನೂನು ಅವರನ್ನು ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್ ಅನ್ನುತ್ತದೆ. ದೂರಿನ ಮುಖ್ಯ ಲಾಭ ದಂಡ ಅಲ್ಲ, ತಪಾಸಣೆ. ಹಾಜರಿ ಪುಸ್ತಕ, ವೇತನ ರಿಜಿಸ್ಟರ್ ಇವೆಯೇ ಇಲ್ಲವೇ ಅನ್ನುವುದು ಸರ್ಕಾರಿ ಕಾಗದದ ಮೇಲೆ ಬರುತ್ತದೆ. ಆ ವರದಿಯ ನಕಲು ಕೇಳಿ ಪಡೆಯಿರಿ. ಕ್ಲೇಮಿನಲ್ಲಿ ಅದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ.

ದಂಡದ ಪ್ರಮಾಣವನ್ನೂ ತಿಳಿದಿರಿ. ಕಡಿಮೆ ಸಂಬಳ ಕೊಟ್ಟದ್ದಕ್ಕೆ 50,000ದವರೆಗೆ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ರಿಜಿಸ್ಟರ್ ಇಡದಿದ್ದರೆ 10,000ದವರೆಗೆ. ಮೊದಲ ಸಲದ ತಪ್ಪಿಗೆ ಗರಿಷ್ಠ ದಂಡದ ಅರ್ಧ ಕಟ್ಟಿ ರಾಜಿ ಮಾಡಿಕೊಳ್ಳುವ ಅವಕಾಶ ಮಾಲೀಕರಿಗಿದೆ. "ಕೇಸು ಮುಗಿಸಿಕೊಂಡು ಬಂದೆ" ಅಂತ ಅವರು ಹೇಳಿಕೊಂಡು ತಿರುಗುವುದು ಇದನ್ನೇ. ಮುಗಿದದ್ದು ಸರ್ಕಾರದ ಜೊತೆಗಿನ ಲೆಕ್ಕ. ನಿಮ್ಮದು ಹಾಗೇ ಇದೆ.

ಸಾಮಾನ್ಯ ತಪ್ಪು: ಅರ್ಜಿ ಕೊಟ್ಟು ಬರಿಗೈಯಲ್ಲಿ ಬರುವುದು. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು, ಟಪಾಲಿನ ನಂಬರ್ ಹಾಕಿಸಿಕೊಳ್ಳಿ. "ಸಾಹೇಬ್ರು ಇಲ್ಲ, ಇಟ್ಟು ಹೋಗಿ" ಅಂದರೆ ಇಟ್ಟು ಬರಬೇಡಿ. ಸ್ವೀಕೃತಿಗೆ ಸಾಹೇಬರು ಬೇಕಿಲ್ಲ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

## ಹಂತ 6: ಕ್ಲೇಮು ಹಾಕಿ

45ನೇ ಕಲಮಿನಡಿ ಅರ್ಜಿ. ಕೆಲಸಗಾರರು ತಾವೇ ಹಾಕಬಹುದು, ಅವರು ಸದಸ್ಯರಾಗಿರುವ ನೋಂದಾಯಿತ ಸಂಘ ಹಾಕಬಹುದು, ಇನ್‌ಸ್ಪೆಕ್ಟರ್ ಕೂಡ ಹಾಕಬಹುದು. ನಮೂನೆಯನ್ನು ಕಚೇರಿಯಲ್ಲೇ ಕೇಳಿ ಪಡೆಯಿರಿ, ಇಂಟರ್ನೆಟ್ಟಿನಲ್ಲಿ ಸಿಕ್ಕ ಹಳೇ ನಮೂನೆ ತುಂಬಬೇಡಿ. ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷ ಗಡುವು. ಹಿಂದೆ ಕನಿಷ್ಠ ವೇತನಕ್ಕೆ ಆರು ತಿಂಗಳು, ವೇತನ ಪಾವತಿಗೆ ಹನ್ನೆರಡು ತಿಂಗಳು ಇತ್ತು. ಆದ್ದರಿಂದ 2025ರ ನವೆಂಬರ್ 21ಕ್ಕಿಂತ ಹಿಂದಿನ ಬಾಕಿ ಇದ್ದರೆ "ವೇತನ ಸಂಹಿತೆ ಹಾಗೂ ಅನ್ವಯವಾಗುವ ಹಿಂದಿನ ಕಾಯ್ದೆಗಳಡಿ" ಅಂತ ಬರೆದು, ತಡವಾದ ಕಾರಣ ವಿವರಿಸಿ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೆ ಲಗತ್ತಿಸಿ.

ಎದುರುದಾರರ ಹೆಸರು ಬರೆಯುವಾಗ ಜೋಪಾನ. ಬೋರ್ಡಿನ ಹೆಸರು ಒಂದು, ಲೈಸೆನ್ಸ್ ಇನ್ನೊಬ್ಬರ ಹೆಸರಿನಲ್ಲಿ, ಸಂಬಳ ಕೊಡುವವರು ಮೂರನೆಯವರು ಆಗಿರುತ್ತಾರೆ. ಅಂಗಡಿಯ ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರಿನಿಂದ ನಿಜವಾದ ಹೆಸರು ಹುಡುಕಿ. ಮಧ್ಯೆ ಗುತ್ತಿಗೆದಾರ ಇದ್ದರೆ ಅವನನ್ನೂ, ಮೂಲ ಮಾಲೀಕರನ್ನೂ ಇಬ್ಬರನ್ನೂ ಸೇರಿಸಿ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕರು ಕೊಡಬೇಕು. ಒಬ್ಬನನ್ನೇ ಸೇರಿಸಿ, ಅವನು ಊರು ಬಿಟ್ಟರೆ ನಿಮ್ಮ ಆದೇಶ ಬರೀ ಕಾಗದ.

ಬಾಕಿಯ ಜೊತೆ ಪರಿಹಾರವನ್ನೂ ಕೇಳಿ. ಹತ್ತು ಪಟ್ಟಿನವರೆಗೆ ಕೊಡಿಸುವ ಅಧಿಕಾರ ಇದೆ. ಕೇಳದೆ ಬಿಡಬೇಡಿ, ಆದರೆ ಹತ್ತು ಪಟ್ಟು ಬಂದೇ ಬರುತ್ತದೆ ಅಂತ ಸಾಲ ಮಾಡಲೂ ಹೋಗಬೇಡಿ.

ವಕೀಲರ ಫೀಸಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ. ಫೋನ್ 15100.

## ಹಂತ 7: ವಿಚಾರಣೆ, ರಾಜಿ

ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಕಾನೂನು. ಜಾಸ್ತಿ ದಿನ ಹಿಡಿಯಬಹುದು ಅಂತಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು ತಾರೀಖೂ ತಪ್ಪಿಸಬೇಡಿ. ಕೊಯ್ಲಿದ್ದರೂ, ನಾಟಿಯಿದ್ದರೂ, ಮಳೆಗೆ ಬಸ್ ಬಾರದಿದ್ದರೂ ಮುಂಚೆಯೇ ಲಿಖಿತವಾಗಿ ತಿಳಿಸಿ. ಮೂಲ ದಾಖಲೆ ಯಾರ ಕೈಗೂ ಕೊಡದೆ ನಕಲು ಕೊಡಿ, ಮೂಲ ತೋರಿಸಿ ವಾಪಸ್ ಇಟ್ಟುಕೊಳ್ಳಿ.

ಎರಡು ಮೂರು ತಾರೀಖು ಆದ ಮೇಲೆ ಹೊರಗಿನ ಬೆಂಚಿನ ಹತ್ತಿರ ಒಂದು ಮಾತು ಬರುತ್ತದೆ. "ಸುಮ್ನೆ ಯಾಕೋ ತಮ್ಮಾ ಅಲೆದಾಟ. ಇಲ್ಲೊಂದು ಸಹಿ ಹಾಕು, ಹತ್ತು ಸಾವಿರ ತಗೊಂಡು ಹೋಗು." ರಾಜಿ ಕೆಟ್ಟದ್ದಲ್ಲ. ಲೆಕ್ಕದ ಬಹುಪಾಲು ಸಿಗುವುದಾದರೆ ನಾನು ಒಪ್ಪಿಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಬೆಂಚಿನ ಹತ್ತಿರ ಬೇಡ, ಅಧಿಕಾರಿಯ ಮುಂದೆ ಆಗಲಿ. ಡಿಡಿ ಕೈಗೆ ಬಂದ ಮೇಲೋ, ಖಾತೆಗೆ ದುಡ್ಡು ಬಿದ್ದ ಮೇಲೋ ಸಹಿ. ಚೆಕ್ ಕೊಟ್ಟರೆ ದುಡ್ಡು ಜಮಾ ಆಗುವವರೆಗೆ ಕ್ಲೇಮು ಹಿಂತೆಗೆಯಬೇಡಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು, ಆ ಗಡುವು ಬೇರೆ ಓಡುತ್ತಿರುತ್ತದೆ.

ಆದೇಶ ನಿಮ್ಮ ವಿರುದ್ಧ ಬಂದರೆ ಮೇಲ್ಮನವಿಗೆ 90 ದಿನ. ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ.

## ಹಂತ 8: ಆದೇಶವನ್ನು ದುಡ್ಡು ಮಾಡಿಕೊಳ್ಳುವುದು

ಮಾಲೀಕರು ಕೊಡದಿದ್ದರೆ ಪ್ರಾಧಿಕಾರ, ಅಂದರೆ ನಿಮ್ಮ ಕ್ಲೇಮು ತೀರ್ಮಾನಿಸಿದ ಅಧಿಕಾರಿ, ವಸೂಲಾತಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಭೂಕಂದಾಯದ ಬಾಕಿಯಂತೆ ವಸೂಲಿ. ಕಡತ ತಹಸೀಲ್ದಾರ್ ಕಚೇರಿಗೆ ಬರುತ್ತದೆ. ಜಪ್ತಿ ಮಾಡಿ ಹರಾಜು ಹಾಕುವ ಅಧಿಕಾರ ಇವರಿಗಿದೆ.

ಆದರೆ ಯಾವ ಆಸ್ತಿ ಜಪ್ತಿ ಮಾಡಬೇಕು ಅಂತ ಆ ಕಚೇರಿಗೆ ಹೇಗೆ ಗೊತ್ತಾಗಬೇಕು? ಪ್ರಮಾಣಪತ್ರದ ಜೊತೆ ಒಂದು ಹಾಳೆಯಲ್ಲಿ ಆಸ್ತಿ ವಿವರ ನೀವೇ ಕೊಡಿ. ತೋಟದ ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ಸಿಗುತ್ತದೆ. ಪಹಣಿಯಲ್ಲಿ ಹೆಸರು ಮಾಲೀಕರದ್ದೋ, ಅವರ ತಂದೆಯದ್ದೋ ನೋಡಿ. ಜಂಟಿ ಖಾತೆಯಾಗಿದ್ದರೆ ತಕರಾರು ಬರುತ್ತದೆ, ಬೇರೆ ಆಸ್ತಿಯನ್ನೂ ಸೇರಿಸಿ. ಪಿಕಪ್ ಗಾಡಿಯ ನಂಬರ್, ನಿಮಗೆ ಹಿಂದೆ ಸಂಬಳ ಹಾಕಿದ ಬ್ಯಾಂಕ್ ಖಾತೆ, ಅಂಗಡಿಯ ಲೈಸೆನ್ಸ್ ನಂಬರ್ ಬರೆಯಿರಿ. ಈ ಹಾಳೆ ಇಲ್ಲದ ಕಡತ ಕಪಾಟಿನಲ್ಲಿ ಮಲಗಿಬಿಡುತ್ತದೆ.

ಕಡತ ಅಲುಗಾಡದಿದ್ದರೆ ಗುಮಾಸ್ತರ ಜೊತೆ ಜಗಳ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಕೇಳಬೇಕಾದ್ದು ಮೂರೇ: ಇಂಥ ನಂಬರಿನ ವಸೂಲಾತಿ ಪ್ರಮಾಣಪತ್ರ ನಿಮ್ಮ ಕಚೇರಿಗೆ ಯಾವ ತಾರೀಖು ಬಂತು, ಅದರ ಮೇಲೆ ಯಾವ ತಾರೀಖು ಏನು ಕ್ರಮ ಆಗಿದೆ, ಟಿಪ್ಪಣಿ ಹಾಳೆಯ ನಕಲು ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಬರೆಯಲು ಯಾರಾದರೂ ಕಡತ ಹುಡುಕಿ ತೆಗೆಯಲೇಬೇಕಲ್ಲ.

ದುಡ್ಡು ಕಂತಿನಲ್ಲಿ ಬಂದರೆ ಪ್ರತಿ ರಶೀದಿಯಲ್ಲೂ "ಆದೇಶ ನಂಬರ್ ಇಂತಿಷ್ಟರ ಭಾಗಶಃ ಪಾವತಿ, ಉಳಿದ ಬಾಕಿ ರೂ. ಇಷ್ಟು" ಅಂತ ಬರೆದು ಸಹಿ ಮಾಡಿ, ನಕಲನ್ನು ತಹಸೀಲ್ದಾರ್ ಕಚೇರಿಯ ಕಡತಕ್ಕೆ ಸೇರಿಸಿ.